ನಿಂತುಹೋದ ಆಟದ ಪಣ

ದೇವದತ್ತ, ಯಜ್ಞದತ್ತ ಎಂಬ ಇಬ್ಬರು ಪಣವೊಡ್ಡಿ ಆಡುತ್ತಿರುವರೆಂದು ಭಾವಿಸೋಣ. ಇಬ್ಬರೂ ಸಮಾನ ಕುಶಲರು. ಒಬ್ಬೊಬ್ಬನೂ ೩೨ ನಾಣ್ಯಗಳನ್ನು ಮುಂದಿಟ್ಟಿದ್ದಾನೆ. ಯಾವನು ಮೊದಲು ಮೂರು ಆಟಗಳನ್ನು ಗೆಲ್ಲುವನೋ ಅವನಿಗೆ ೬೪ ನಾಣ್ಯಗಳೂ ಸಲ್ಲತಕ್ಕುವೆಂದು ಒಪ್ಪಂದ. ದೇವದತ್ತನು ಒಂದಾಟವನ್ನು ಗೆದ್ದಿದ್ದಾನೆ. ಯಜ್ಞದತ್ತನು ಇನ್ನೂ ಒಂದನ್ನೂ ಗೆದ್ದಿಲ್ಲ. ಅಷ್ಟರಲ್ಲಿ ಯಾವುದೋ ಕಾರಣದಿಂದ ಆಟ ನಿಂತುಹೋಯಿತು, ಮತ್ತೆ ಮುಂದುವರಿಸುವಂತಿಲ್ಲ. ಮುಂದಿಟ್ಟ ಹಣವನ್ನು ಹೇಗೆ ಹಂಚಿದರೆ ನ್ಯಾಯವಾದೀತು?

ಪ್ರಶ್ನೆ ಸಣ್ಣದು, ಜೂಜುಗಾರರ ಜಗಲಿಯಲ್ಲಿ ಹುಟ್ಟಿದುದು. ಆದರೂ ಯೂರೋಪಿನ ಗಣಿತಜ್ಞರನ್ನು ಇದು ನೂರೈವತ್ತು ವರ್ಷಗಳಿಗಿಂತ ಹೆಚ್ಚು ಕಾಲ ಕಾಡಿತು. ಕೊನೆಗೆ ಇದು ಬಿಡಿಸಿದಾಗ ಹೊರಬಿದ್ದುದು ಬರಿಯ ೬೪ ನಾಣ್ಯಗಳ ಲೆಕ್ಕವಲ್ಲ. ಸಂಭವನೀಯತೆಯ ಗಣಿತವೆಂಬ ಒಂದು ಶಾಸ್ತ್ರವೇ ಹೊರಬಿದ್ದಿತು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ಬಾಳಿನಲ್ಲಿ ಪೂರ್ತಿಯಾಗುವ ತನಕ ಕಾದು ನೋಡಿ ತೀರ್ಮಾನಿಸುವ ಭಾಗ್ಯ ಎಷ್ಟು ವಿಷಯಗಳಲ್ಲಿದೆ? ಬೆಳೆ ಬರುವ ಮುನ್ನವೇ ಸಾಲದ ಮಾತಾಗಬೇಕು. ರೋಗದ ಗತಿ ತಿಳಿಯುವ ಮುನ್ನವೇ ಔಷಧವನ್ನು ಕೊಡಬೇಕು. ಹಡಗು ದಡ ಸೇರುವ ಮುನ್ನವೇ ಸರಕಿಗೆ ಬೆಲೆ ಕಟ್ಟಬೇಕು. ನಾವೆಲ್ಲರೂ ಯಾವಾಗಲೂ ನಡುವೆ ನಿಂತ ಆಟದ ಮುಂದೆ ಕುಳಿತವರೇ. ಆ ಸ್ಥಿತಿಯಲ್ಲಿಯೂ ನ್ಯಾಯವಾಗಿ ಎಣಿಸುವುದು ಸಾಧ್ಯವೆಂದು ಮನುಷ್ಯನಿಗೆ ತಿಳಿದ ಬಗೆಯನ್ನು ಈ ಭಾಷಣದಲ್ಲಿ ವಿಚಾರಮಾಡೋಣ.

ದಾಳಗಳಾಗಲಿ ಎಣಿಕೆಯಾಗಲಿ ನಮ್ಮ ದೇಶಕ್ಕೆ ಹೊಸವಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನ ಗೋಳನ್ನು ಹೇಳುವ ಒಂದು ಸೂಕ್ತವೇ ಉಂಟು. ಮಹಾಭಾರತದ ನಳೋಪಾಖ್ಯಾನದಲ್ಲಿ ಋತುಪರ್ಣರಾಜನು ದಾರಿಯಲ್ಲಿ ಕಂಡ ತಾರೆಯ ಮರದ ಎಲೆಗಳನ್ನೂ ಕಾಯಿಗಳನ್ನೂ ನೋಡಿದ ಮಾತ್ರದಿಂದಲೇ ಎಣಿಸಿ ಹೇಳುತ್ತಾನೆ. ನಳನು ಮರವನ್ನು ಕಡಿದು ಲೆಕ್ಕ ನೋಡಿದರೆ ಸರಿಯಾಗಿರುತ್ತದೆ. ಎಣಿಕೆಯ ವಿದ್ಯೆಯನ್ನೂ ದಾಳಗಳ ಹೃದಯವನ್ನೂ ಋತುಪರ್ಣನು ಒಟ್ಟಿಗೆ ಬಲ್ಲವನೆಂದು ಕಥೆ ಹೇಳುವುದು ಗಮನಿಸತಕ್ಕ ವಿಷಯ. ಕನ್ನಡ ನಾಡಿನ ಮಟ್ಟಿಗಂತೂ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ತನ್ನ ಗ್ರಂಥವನ್ನಾರಂಭಿಸಿದ ಮಹಾವೀರಾಚಾರ್ಯನು, ಸುಮಾರು ಕ್ರಿ. ಶ. ೮೫೦ರಲ್ಲಿ, ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಾಗಿ ಆರಿಸಬಹುದೆಂಬುದಕ್ಕೆ ಸಾಮಾನ್ಯ ಸೂತ್ರವನ್ನೇ ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟಿದ್ದಾನೆ. ಅವನ ಉದಾಹರಣೆ ಅಡಿಗೆಮನೆಗೆ ಹತ್ತಿರವಾದುದು. ಆರು ರಸಗಳನ್ನು ಒಂದೊಂದಾಗಿ, ಎರಡೆರಡಾಗಿ, ಮೂರುಮೂರಾಗಿ, ಹೀಗೆ ಆರರವರೆಗೆ ಕೂಡಿಸಿದರೆ ಕ್ರಮವಾಗಿ ೬, ೧೫, ೨೦, ೧೫, ೬, ೧, ಒಟ್ಟು ೬೩ ಭೇದಗಳಾಗುತ್ತವೆ. ಪಿಂಗಳನ ಛಂದಸ್ಸಿಗೆ ವ್ಯಾಖ್ಯಾನ ಬರೆದ ಹತ್ತನೆಯ ಶತಮಾನದ ಹಲಾಯುಧನು ಇವೇ ಸಂಖ್ಯೆಗಳನ್ನು ಮೇರುಪ್ರಸ್ತಾರವೆಂಬ ತ್ರಿಕೋನದಲ್ಲಿ ಸಾಲುಸಾಲಾಗಿ ಜೋಡಿಸಿ ತೋರಿಸಿದನು.

ಹೀಗೆ ಸಾಧನ ಸಿದ್ಧವಾಗಿತ್ತು. ಆದರೆ ಈ ಎಣಿಕೆಯನ್ನು ದಾಳದ ಬೀಳಿಗೆ ಹಚ್ಚಿ, ಪಣದ ಹಣಕ್ಕೆ ನ್ಯಾಯವಾದ ಪಾಲನ್ನು ಗೊತ್ತುಮಾಡಿದ ಕೆಲಸ ನಮಗೆ ಉಳಿದು ಬಂದಿರುವ ಪ್ರಾಚೀನ ಗ್ರಂಥಗಳಲ್ಲಿ ಕಾಣುವುದಿಲ್ಲ. ಯೂರೋಪಿನಲ್ಲಿಯೂ ಅದು ಸುಲಭವಾಗಿ ಆಗಲಿಲ್ಲ.

ಇಟಲಿಯ ಲೂಕಾ ಪಾಚಿಯೋಲಿ ಎಂಬ ಸಂನ್ಯಾಸಿ ೧೪೯೪ರಲ್ಲಿ ವೆನಿಸ್ ನಗರದಲ್ಲಿ ಒಂದು ದೊಡ್ಡ ಗಣಿತಗ್ರಂಥವನ್ನು ಅಚ್ಚುಮಾಡಿಸಿದನು. ನಿಂತುಹೋದ ಆಟದ ಪ್ರಶ್ನೆ ಅದರಲ್ಲಿದೆ. ಅವನ ಉತ್ತರ ವರ್ತಕರ ಪಾಲುದಾರಿಕೆಯ ಲೆಕ್ಕದಂತೆ ನೇರವಾದುದು: ಯಾರು ಎಷ್ಟು ಆಟ ಗೆದ್ದಿರುವರೋ ಆ ಪ್ರಮಾಣದಲ್ಲಿ ಹಂಚತಕ್ಕದ್ದು. ಕೇಳುವುದಕ್ಕೆ ನ್ಯಾಯವಾಗಿಯೇ ತೋರುತ್ತದೆ. ಆದರೆ ನಮ್ಮ ದೇವದತ್ತನ ಸ್ಥಿತಿಗೆ ಇದನ್ನು ಅನ್ವಯಿಸಿ ನೋಡಿರಿ. ಅವನು ಗೆದ್ದುದು ಒಂದು. ಎದುರಾಳಿ ಗೆದ್ದುದು ಸೊನ್ನೆ. ಹಾಗಾದರೆ ಒಂದೇ ಒಂದು ಆಟ ಗೆದ್ದ ಮಾತ್ರಕ್ಕೆ ೬೪ ನಾಣ್ಯಗಳೂ ಅವನ ಪಾಲಾಗಬೇಕು! ೧೫೫೬ರಲ್ಲಿ ತಾರ್ತಾಲ್ಯ ಎಂಬ ಗಣಿತಜ್ಞನು ಈ ದೋಷವನ್ನು ಎತ್ತಿ ತೋರಿಸಿ, ತಾನು ಬೇರೊಂದು ಬಗೆಯ ಹಂಚಿಕೆಯನ್ನು ಸೂಚಿಸಿದನು. ಆದರೆ ಅದರಲ್ಲಿಯೂ ಅವನಿಗೆ ಪೂರ್ತಿ ನೆಮ್ಮದಿಯಿರಲಿಲ್ಲ. ಇದು ಗಣಿತಕ್ಕಿಂತ ನ್ಯಾಯಾಧಿಪತಿಗೆ ಸೇರಿದ ಪ್ರಶ್ನೆ, ಹೇಗೆ ಬಿಡಿಸಿದರೂ ವ್ಯಾಜ್ಯಕ್ಕೆ ಎಡೆಯಿದ್ದೇ ಇರುತ್ತದೆ ಎಂಬುದು ಅವನ ಅಭಿಪ್ರಾಯವಾಗಿತ್ತು. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳೋಣ. ನೂರು ವರ್ಷಗಳ ಮೇಲೆ ಇದು ಒಂದು ವಿನೋದಕರವಾದ ರೀತಿಯಲ್ಲಿ ನಿಜವಾಯಿತು.

ಈ ನಡುವೆ ದಾಳಗಳ ವಿಷಯದಲ್ಲಿ ಒಂದು ಮುಖ್ಯ ತತ್ತ್ವ ಮೆಲ್ಲಮೆಲ್ಲನೆ ಬೆಳಕಿಗೆ ಬರುತ್ತಿತ್ತು. ಕಾರ್ಡಾನೋ ಎಂಬ ಇಟಲಿಯ ವೈದ್ಯ ತಾನೇ ಜೂಜಿನ ಚಟವುಳ್ಳವನು. ದಾಳ ಬೀಳಬಹುದಾದ ಬಗೆಗಳನ್ನೆಲ್ಲ ಮೊದಲು ಎಣಿಸಿ, ಅವುಗಳಲ್ಲಿ ನಮಗೆ ಅನುಕೂಲವಾದವು ಎಷ್ಟೆಂದು ನೋಡಬೇಕು ಎಂದು ಅವನು ಬರೆದಿಟ್ಟನು. ಅವನು ಸತ್ತುದು ೧೫೭೬ರಲ್ಲಿ. ಪುಸ್ತಕ ಅಚ್ಚಾದುದು ೧೬೬೩ರಲ್ಲಿ. ಗೆಲಿಲಿಯೋವಿಗೆ ಬಂದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಮೂರು ದಾಳಗಳನ್ನು ಎಸೆದಾಗ ಒಂಬತ್ತಾಗುವುದಕ್ಕೆ ಆರು ವಿಧಗಳುಂಟು. ಹತ್ತಾಗುವುದಕ್ಕೂ ಆರೇ ವಿಧಗಳು. ಹೀಗಿದ್ದರೂ ಹತ್ತೇ ಹೆಚ್ಚು ಸಲ ಬೀಳುವುದನ್ನು ಆಟಗಾರರು ಕಂಡಿದ್ದರು. ಇದಕ್ಕೆ ಗೆಲಿಲಿಯೋ ಕೊಟ್ಟ ಉತ್ತರವಿದು: ಮೂರು, ಮೂರು, ಮೂರು ಎಂಬುದು ಒಂದೇ ಬಗೆಯಾಗಿ ಬೀಳಬಲ್ಲುದು, ಎರಡು, ಮೂರು, ನಾಲ್ಕು ಎಂಬುದಾದರೋ ಯಾವ ದಾಳದಲ್ಲಿ ಯಾವುದು ಎಂಬ ಭೇದದಿಂದ ಆರು ಬಗೆಯಾಗಿ ಬೀಳಬಲ್ಲುದು. ಹಾಗೆ ಬಿಡಿಸಿ ಎಣಿಸಿದರೆ ಒಟ್ಟು ೨೧೬ ಬಗೆಗಳಲ್ಲಿ ಒಂಬತ್ತಕ್ಕೆ ೨೫, ಹತ್ತಕ್ಕೆ ೨೭. ಗಣಿತದ ವಿದ್ಯಾರ್ಥಿಗಳು ಈ ಶಾಸ್ತ್ರದಲ್ಲಿ ಮೊತ್ತಮೊದಲು ಕಲಿಯಬೇಕಾದ ಪಾಠ ಇಲ್ಲಿದೆ. ಸಂಭವನೀಯತೆಯೆಂದರೆ ಅನುಕೂಲವಾದ ಬಗೆಗಳನ್ನು ಒಟ್ಟು ಬಗೆಗಳಿಂದ ಭಾಗಿಸಿ ಬಂದುದು. ಆದರೆ ಆ ಬಗೆಗಳೆಲ್ಲ ಸಮಸಂಭವಗಳಾಗಿರಬೇಕು. ಎಣಿಸುವುದು ಸುಲಭ, ಯಾವುದನ್ನು ಒಂದೆಂದು ಎಣಿಸಬೇಕೆಂಬುದೇ ಕಷ್ಟ.

ಇನ್ನು ಫ್ರಾನ್ಸಿಗೆ ಬರೋಣ. ೧೬೫೪ನೆಯ ಇಸವಿ. ಶವಲಿಯೇ ದ ಮೇರೆ ಎಂಬ ರಸಿಕನಾದ ಗೃಹಸ್ಥನು ದಾಳದ ಆಟದಲ್ಲಿ ಕಂಡ ಒಂದು ತೊಡಕನ್ನು ಬ್ಲೇಸ್ ಪಾಸ್ಕಲನ ಮುಂದಿಟ್ಟನು. ಒಂದು ದಾಳವನ್ನು ನಾಲ್ಕು ಸಲ ಎಸೆದರೆ ಒಂದು ಸಲವಾದರೂ ಆರು ಬೀಳುವುದೆಂದು ಪಣ ಕಟ್ಟುವುದು ಲಾಭಕರ. ಹಾಗಾದರೆ ಎರಡು ದಾಳಗಳನ್ನು ೨೪ ಸಲ ಎಸೆದು ಒಂದು ಸಲವಾದರೂ ಜೋಡಿ ಆರು ಬೀಳುವುದೆಂದು ಪಣ ಕಟ್ಟುವುದೂ ಅಷ್ಟೇ ಲಾಭಕರವಾಗಬೇಡವೆ? ಆರಕ್ಕೆ ನಾಲ್ಕು ಹೇಗೋ ಮೂವತ್ತಾರಕ್ಕೆ ಇಪ್ಪತ್ತನಾಲ್ಕು ಹಾಗೆ. ಆದರೆ ಲೆಕ್ಕ ಹಾಕಿದರೆ ಮೊದಲನೆಯ ಪಣ ಸಾವಿರಕ್ಕೆ ಸುಮಾರು ೫೧೮ ಸಲ ಗೆಲ್ಲುತ್ತದೆ. ಎರಡನೆಯದು ಸುಮಾರು ೪೯೧ ಸಲ ಮಾತ್ರ. ೨೫ ಸಲ ಎಸೆಯುವುದಾದರೆ ಮಾತ್ರ ಅದೂ ಅರ್ಧಕ್ಕಿಂತ ಮೇಲಾಗುತ್ತದೆ. ತ್ರೈರಾಶಿಕ ಇಲ್ಲಿ ನಡೆಯುವುದಿಲ್ಲ. ಇದರಿಂದ ಗಣಿತವೇ ತನಗೆ ತಾನು ವಿರೋಧವಾಯಿತೆಂದು ದ ಮೇರೆಗೆ ಕೋಪ ಬಂದಿತು.

ನಿಂತುಹೋದ ಆಟದ ಪ್ರಶ್ನೆಯೂ ಪಾಸ್ಕಲನ ಬಳಿಗೆ ಬಂದುದು ಆಗಲೇ. ಅವನಿಗೆ ಆಗ ೩೧ ವರ್ಷ. ತನ್ನ ಉತ್ತರ ಸರಿಯೇ ತಪ್ಪೇ ಎಂದು ನೋಡುವುದಕ್ಕಾಗಿ ಅವನು ತೂಲೂಸ್ ನಗರದಲ್ಲಿದ್ದ ಪಿಯೇರ್ ದ ಫೆರ್ಮಾ ಎಂಬುವನಿಗೆ ಕಾಗದ ಬರೆದನು. ಈ ಫೆರ್ಮಾ ಯಾರು? ಗಣಿತ ಅವನ ವಿರಾಮದ ವಿನೋದ. ಅವನ ಉದ್ಯೋಗ ತೂಲೂಸಿನ ಉಚ್ಚ ನ್ಯಾಯಸ್ಥಾನದಲ್ಲಿ. ಇದು ನ್ಯಾಯಾಧಿಪತಿಗೆ ಸೇರಿದ ಪ್ರಶ್ನೆಯೆಂದು ತಾರ್ತಾಲ್ಯ ಹೇಳಿದ್ದನಷ್ಟೆ. ಕಡೆಗೂ ವ್ಯಾಜ್ಯ ನ್ಯಾಯಾಧಿಪತಿಯ ಮುಂದೆಯೇ ಬಂದಿತು. ಆದರೆ ಆತನು ಅದನ್ನು ತೀರಿಸಿದುದು ಗಣಿತದಿಂದ.

ಪಾಸ್ಕಲನ ವಿಧಾನ ಕೊನೆಯಿಂದ ಹಿಂದಕ್ಕೆ ನಡೆಯುವುದು. ೧೬೫೪ನೆಯ ಜುಲೈ ೨೯ರ ಕಾಗದದಲ್ಲಿ ಅವನು ಅದನ್ನು ವಿವರಿಸಿದ್ದಾನೆ. ದೇವದತ್ತನು ಎರಡು, ಯಜ್ಞದತ್ತನು ಒಂದು ಗೆದ್ದಿರಲಿ. ಮುಂದಿನ ಆಟವನ್ನು ದೇವದತ್ತ ಗೆದ್ದರೆ ೬೪ ಅವನವು. ಸೋತರೆ ಇಬ್ಬರೂ ಸಮ, ಅವನಿಗೆ ೩೨. ಆದುದರಿಂದ ೩೨ ನಾಣ್ಯಗಳು, ಗೆದ್ದರೂ ಸೋತರೂ, ಅವನಿಗೆ ನಿಶ್ಚಯ. ಮಿಕ್ಕ ೩೨ರ ಮೇಲೆ ಇಬ್ಬರಿಗೂ ಸಮನಾದ ಆಸೆ. ಅದನ್ನು ಅರ್ಧಮಾಡಿದರೆ ದೇವದತ್ತನಿಗೆ ೪೮, ಯಜ್ಞದತ್ತನಿಗೆ ೧೬. ಒಂದು ಹೆಜ್ಜೆ ಹಿಂದೆ ಹೋಗೋಣ. ದೇವದತ್ತ ಎರಡು, ಯಜ್ಞದತ್ತ ಸೊನ್ನೆ. ಈಗ ಗೆದ್ದರೆ ೬೪, ಸೋತರೆ ಈಗ ತಾನೆ ಕಂಡ ೪೮. ಎರಡರ ಸರಾಸರಿ ೫೬. ಇನ್ನೂ ಒಂದು ಹೆಜ್ಜೆ ಹಿಂದೆ, ನಮ್ಮ ಮೂಲಪ್ರಶ್ನೆಗೆ: ದೇವದತ್ತ ಒಂದು, ಯಜ್ಞದತ್ತ ಸೊನ್ನೆ. ಗೆದ್ದರೆ ೫೬, ಸೋತರೆ ೩೨, ಸರಾಸರಿ ೪೪. ಆದುದರಿಂದ ದೇವದತ್ತನಿಗೆ ೪೪, ಯಜ್ಞದತ್ತನಿಗೆ ೨೦. ಪಾಚಿಯೋಲಿಯ ಲೆಕ್ಕದಲ್ಲಿ ಬರಿಗೈಯಲ್ಲಿ ಏಳಬೇಕಾಗಿದ್ದ ಯಜ್ಞದತ್ತನಿಗೆ ಇಪ್ಪತ್ತು ನಾಣ್ಯಗಳು ನ್ಯಾಯವಾಗಿ ಸಲ್ಲಬೇಕಾದುವೆಂದಾಯಿತು.

ಫೆರ್ಮಾ ಬೇರೆ ದಾರಿ ಹಿಡಿದನು. ದೇವದತ್ತನಿಗೆ ಇನ್ನು ಎರಡು ಗೆಲವು ಬೇಕು, ಯಜ್ಞದತ್ತನಿಗೆ ಮೂರು. ಹೆಚ್ಚೆಂದರೆ ಇನ್ನು ನಾಲ್ಕು ಆಟಗಳಲ್ಲಿ ವ್ಯವಹಾರ ಮುಗಿಯಲೇಬೇಕು. ಆ ನಾಲ್ಕನ್ನೂ ಆಡಿದರೆಂದೇ ಇಟ್ಟುಕೊಂಡು ಎಷ್ಟು ಬಗೆಯಾಗಿ ಅದು ನಡೆಯಬಹುದೆಂದು ಎಣಿಸತಕ್ಕದ್ದು. ಛಂದಸ್ಸನ್ನು ಓದಿದವರಿಗೆ ಈ ಎಣಿಕೆ ಅಪರಿಚಿತವಲ್ಲ. ದೇವದತ್ತ ಗೆದ್ದ ಆಟವನ್ನು ಗುರುವೆಂದೂ ಯಜ್ಞದತ್ತ ಗೆದ್ದುದನ್ನು ಲಘುವೆಂದೂ ಬರೆದರೆ, ನಾಲ್ಕು ಆಟಗಳ ಕ್ರಮಗಳೆಲ್ಲ ನಾಲ್ಕಕ್ಷರದ ಪ್ರಸ್ತಾರವೇ ಆಗುತ್ತವೆ, ಅವು ೧೬. ಮೇರುಪ್ರಸ್ತಾರದ ಸಾಲಿನಲ್ಲಿ ಅವು ೧, ೪, ೬, ೪, ೧ ಎಂದು ನಿಲ್ಲುತ್ತವೆ: ಗುರುವೇ ಇಲ್ಲದುದು ಒಂದು, ಒಂದು ಗುರುವುಳ್ಳವು ನಾಲ್ಕು, ಎರಡುಳ್ಳವು ಆರು, ಮೂರುಳ್ಳವು ನಾಲ್ಕು, ಎಲ್ಲವೂ ಗುರುವಾದುದು ಒಂದು. ಎರಡಾಗಲಿ ಅದಕ್ಕಿಂತ ಹೆಚ್ಚಾಗಲಿ ಗುರುಗಳಿದ್ದರೆ ದೇವದತ್ತನ ಗೆಲವು. ಅಂಥವು ೬, ೪, ೧ ಸೇರಿ ೧೧. ಮಿಕ್ಕ ಐದು ಯಜ್ಞದತ್ತನವು. ೬೪ ನಾಣ್ಯಗಳಲ್ಲಿ ಹದಿನಾರನೆಯ ಹನ್ನೊಂದು ಪಾಲೆಂದರೆ ೪೪. ದಾರಿ ಬೇರೆಯಾದರೂ ಉತ್ತರ ಅದೇ. ಪ್ಯಾರಿಸಿನಲ್ಲಿಯೂ ತೂಲೂಸಿನಲ್ಲಿಯೂ ಸತ್ಯ ಒಂದೇ ಆಗಿರುವುದನ್ನು ಕಂಡು ಪಾಸ್ಕಲನು ಹರ್ಷಪಟ್ಟನು. ಅದೇ ಕಾಲದಲ್ಲಿ ಅವನು ಈ ಸಂಖ್ಯೆಗಳ ತ್ರಿಕೋನವನ್ನು ಕುರಿತು ಒಂದು ಪ್ರಬಂಧವನ್ನೂ ಬರೆದನು. ನಮ್ಮವರ ಮೇರು ಇಂದು ಪಾಠಪುಸ್ತಕಗಳಲ್ಲಿ ಪಾಸ್ಕಲನ ತ್ರಿಕೋನವೆಂದು ಕರೆಸಿಕೊಳ್ಳುವುದು ಈ ಕಾರಣದಿಂದ.

ಇಬ್ಬರ ವಿಧಾನದಲ್ಲಿಯೂ ಇರುವ ಹೊಸತನವನ್ನು ಗಮನಿಸೋಣ. ಪಾಚಿಯೋಲಿ ನೋಡಿದುದು ಆಗಿಹೋದ ಆಟಗಳನ್ನು. ಇವರು ನೋಡಿದುದು ಇನ್ನೂ ಆಗಬೇಕಾದ ಆಟಗಳನ್ನು. ಗೆದ್ದುದೆಷ್ಟು ಎಂಬ ಪ್ರಶ್ನೆಯ ಜಾಗದಲ್ಲಿ ಗೆಲ್ಲಲು ಇನ್ನೆಷ್ಟು ಬೇಕು ಎಂಬ ಪ್ರಶ್ನೆ ಬಂದು ಕುಳಿತಿತು. ಹಿಂದಿನ ಗೆಲವಿಗೆ ಬೆಲೆಯಿಲ್ಲವೆಂದಲ್ಲ. ಮುಂದಿನ ದಾರಿಯನ್ನು ಅದು ಎಷ್ಟು ಕಿರಿದುಮಾಡಿದೆಯೋ ಅಷ್ಟೇ ಅದರ ಬೆಲೆ. ಶಾಸ್ತ್ರ ಹುಟ್ಟಿದುದು ಈ ಒಂದು ದೃಷ್ಟಿಯ ತಿರುವಿನಲ್ಲಿ.

ಆದರೆ ಈ ತಿರುವು ಪಂಡಿತರಿಗೂ ಸುಲಭವಾಗಿರಲಿಲ್ಲ. ಪ್ಯಾರಿಸಿನ ರೋಬೆರ್ವಾಲ್ ಎಂಬ ಗಣಿತಜ್ಞನು ಕೂಡಲೆ ಆಕ್ಷೇಪಿಸಿದನು. ಮೊದಲೆರಡು ಆಟಗಳನ್ನೇ ದೇವದತ್ತ ಗೆದ್ದರೆ ಅಲ್ಲಿಗೆ ಪಣ ಮುಗಿಯಿತಲ್ಲವೆ? ಆಡದ ಮೂರನೆಯ ನಾಲ್ಕನೆಯ ಆಟಗಳನ್ನು ಎಣಿಸುವುದೇಕೆ? ಉತ್ತರ ಹೀಗೆ: ಗೆಲವು ನಿರ್ಧಾರವಾದ ಮೇಲೆ ಸುಮ್ಮನೆ ಇನ್ನೆರಡು ಆಟ ಆಡಿದರೆ ಯಾರ ಪಾಲೂ ಬದಲಾಗುವುದಿಲ್ಲ, ಆದರೆ ಹಾಗೆ ಪೂರ್ತಿಮಾಡಿಕೊಂಡಾಗಲೇ ಹದಿನಾರು ಬಗೆಗಳೂ ಸಮಸಂಭವಗಳಾಗಿ ನಿಲ್ಲುತ್ತವೆ. ಎರಡೇ ಆಟಗಳಲ್ಲಿ ಮುಗಿಯುವ ದಾರಿಯನ್ನು ಒಂದೆಂದೂ ನಾಲ್ಕು ಆಟಗಳ ದಾರಿಯನ್ನು ಒಂದೆಂದೂ ಎಣಿಸಿದರೆ, ಸೇರನ್ನೂ ಪಾವನ್ನೂ ಒಂದೇ ಅಳತೆಯೆಂದಂತೆ. ನೂರು ವರ್ಷಗಳ ಮೇಲೆ, ೧೭೫೪ರಲ್ಲಿ, ದಾಲಂಬೇರನಂಥ ಮೇಧಾವಿಯೇ ಫ್ರೆಂಚ್ ವಿಶ್ವಕೋಶದಲ್ಲಿ ಇದೇ ಹಳ್ಳಕ್ಕೆ ಬಿದ್ದನು. ನಾಣ್ಯವನ್ನು ಎರಡು ಸಲ ಚಿಮ್ಮಿದರೆ ಒಮ್ಮೆಯಾದರೂ ತಲೆ ಮೇಲಾಗುವ ಸಂಭವವೆಷ್ಟು? ಮೊದಲೇ ತಲೆ ಬಿದ್ದರೆ ಎರಡನೆಯದು ಬೇಕಿಲ್ಲ. ಆದುದರಿಂದ ಬಗೆಗಳು ಮೂರು, ಅನುಕೂಲವಾದವು ಎರಡು, ಸಂಭವ ಮೂರರಲ್ಲಿ ಎರಡು ಎಂದು ಅವನ ವಾದ. ನಿಜವಾಗಿ ಬಗೆಗಳು ನಾಲ್ಕು. ಸಂಭವ ನಾಲ್ಕರಲ್ಲಿ ಮೂರು. ಪರೀಕ್ಷೆಯಲ್ಲಿ ಈ ತಪ್ಪು ಮಾಡುವ ವಿದ್ಯಾರ್ಥಿಗೆ ಬಲು ದೊಡ್ಡವರ ಸಹವಾಸವಿದೆಯೆಂದು ಹೇಳಬಹುದು. ಅಂಕಗಳನ್ನು ಮಾತ್ರ ಕೊಡಲಾಗುವುದಿಲ್ಲ!

೧೬೫೭ರಲ್ಲಿ ಹಾಲೆಂಡಿನ ಹೈಗೆನ್ಸನು ಈ ವಿಷಯದ ಮೊದಲನೆಯ ಮುದ್ರಿತ ಗ್ರಂಥವನ್ನು ಪ್ರಕಟಿಸಿದನು. ಅವನ ಮುಖ್ಯ ಭಾವನೆ ನಿರೀಕ್ಷಿತ ಮೌಲ್ಯ ಎಂಬುದು: ಪ್ರತಿಯೊಂದು ಫಲವನ್ನೂ ಅದರ ಸಂಭವದಿಂದ ಗುಣಿಸಿ ಕೂಡಿಸಿದರೆ ಅನಿಶ್ಚಿತವಾದ ವಸ್ತುವಿಗೂ ಒಂದು ನಿಶ್ಚಿತವಾದ ಬೆಲೆ ದೊರೆಯುತ್ತದೆ. ಪಾಸ್ಕಲನ ೪೪ ನಾಣ್ಯಗಳು ಇಂಥ ಬೆಲೆಯೇ.

ಇಷ್ಟಾದರೂ ಲೋಕವ್ಯವಹಾರಕ್ಕೆ ಇದು ಸಾಲದು. ದಾಳಕ್ಕೆ ಆರು ಮುಖಗಳೆಂದು ನಾವು ಬಲ್ಲೆವು. ಮನುಷ್ಯನ ಆಯುಸ್ಸಿಗೆ ಎಷ್ಟು ಮುಖಗಳು? ಎಣಿಸಲಾಗದ ಕಡೆ ಏನು ಮಾಡಬೇಕು? ಬಾಸೆಲ್ ನಗರದ ಯಾಕೋಬ್ ಬರ್ನೂಲಿ ಇಪ್ಪತ್ತು ವರ್ಷ ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದನು. ಅವನು ೧೭೦೫ರಲ್ಲಿ ತೀರಿಕೊಂಡನು; ಅವನ ಗ್ರಂಥ ೧೭೧೩ರಲ್ಲಿ ಹೊರಬಂದಿತು. ಒಂದು ಪಾತ್ರೆಯಲ್ಲಿ ೩,೦೦೦ ಬಿಳಿಯ ಕಲ್ಲು, ೨,೦೦೦ ಕರಿಯ ಕಲ್ಲು ಇವೆ. ಒಳಗೇನಿದೆಯೆಂದು ನಮಗೆ ತಿಳಿಯದು. ಒಂದೊಂದಾಗಿ ತೆಗೆದು, ಬಣ್ಣ ಬರೆದುಕೊಂಡು, ಮತ್ತೆ ಒಳಗೆ ಹಾಕುತ್ತೇವೆ. ಹೀಗೆ ೨೫,೫೫೦ ಸಲ ಮಾಡಿದರೆ, ನಮಗೆ ದೊರೆಯುವ ಬಿಳಿಯ ಪ್ರಮಾಣ ಐವತ್ತರಲ್ಲಿ ೨೯ಕ್ಕೂ ೩೧ಕ್ಕೂ ನಡುವೆ ಇರುವ ಸಂಭವ, ಇಲ್ಲದಿರುವ ಸಂಭವಕ್ಕಿಂತ ಸಾವಿರಪಟ್ಟಿಗೂ ಮೀರಿದುದೆಂದು ಅವನು ಸಾಧಿಸಿದನು. ನಿಜವಾದ ಪ್ರಮಾಣ ಐವತ್ತರಲ್ಲಿ ೩೦. ಅನುಭವವನ್ನು ಸಾಕಷ್ಟು ಸಲ ಎಣಿಸಿದರೆ ಅದು ಕಾಣದ ಸತ್ಯದ ಹತ್ತಿರಕ್ಕೆ ಒಯ್ಯುತ್ತದೆಂಬುದಕ್ಕೆ ಇದು ಮೊದಲನೆಯ ಪ್ರಮಾಣ. ಇದನ್ನು ಬೃಹತ್ಸಂಖ್ಯೆಗಳ ನಿಯಮವೆನ್ನುತ್ತಾರೆ.

ಈ ನಿಯಮದಷ್ಟು ತಪ್ಪಾಗಿ ತಿಳಿಯಲ್ಪಟ್ಟ ನಿಯಮ ಗಣಿತದಲ್ಲಿ ವಿರಳ. ಹತ್ತು ಸಲ ತಲೆಯೇ ಬಿದ್ದಿದೆ. ಆದುದರಿಂದ ಇನ್ನು ಬರಹ ಬೀಳಲೇಬೇಕು, ಇಲ್ಲವಾದರೆ ಸಮವಾಗುವುದೆಂತು ಎಂದು ಜನ ವಾದಿಸುತ್ತಾರೆ. ನಾಣ್ಯ ಸಾಲ ತೀರಿಸುವುದಿಲ್ಲ, ಅದಕ್ಕೆ ನೆನಪಿಲ್ಲ. ಮೊದಲ ಹತ್ತೂ ತಲೆಯಾಗಿ, ಮುಂದಿನ ೯೯೦ ಸಲದಲ್ಲಿ ಸರಿಯಾಗಿ ಅರ್ಧ ಮಾತ್ರ ತಲೆ ಬಿದ್ದರೂ, ಸಾವಿರಕ್ಕೆ ೫೦೫ ತಲೆಯಾಯಿತು. ಹಾಗೆಯೇ ಹತ್ತು ಸಾವಿರದವರೆಗೆ ನಡೆಸಿದರೆ ೫,೦೦೫. ಮೊದಲಿನ ಹೆಚ್ಚಳವನ್ನು ಯಾರೂ ಹಿಂದಕ್ಕೆ ಕೊಡಲಿಲ್ಲ. ದೊಡ್ಡ ಸಂಖ್ಯೆಯ ಕೆರೆಯಲ್ಲಿ ಅದು ಒಂದು ಹಿಡಿ ಉಪ್ಪಿನಂತೆ ಕರಗಿಹೋಯಿತು. ಬಹುಕಾಲ ಹೊರಬೀಳದ ಸಂಖ್ಯೆಯ ಮೇಲೆ ಲಾಟರಿಯಲ್ಲಿ ಹಣ ಸುರಿಯುವವರನ್ನು ಲಾಪ್ಲಾಸನು ೧೮೧೪ರ ತನ್ನ ಪ್ರಬಂಧದಲ್ಲಿ ವರ್ಣಿಸಿದ್ದಾನೆ. ಗಂಡುಮಗುವಿಗಾಗಿ ಹಂಬಲಿಸುವ ತಂದೆಯರು, ಆ ತಿಂಗಳು ಊರಿನಲ್ಲಿ ಬೇರೆ ಗಂಡುಮಕ್ಕಳು ಹುಟ್ಟಿದರೆಂದು ಕೇಳಿ ಕಳವಳಪಡುತ್ತಿದ್ದುದನ್ನೂ ಅವನು ಕಂಡು ಬರೆದಿದ್ದಾನೆ. ಈ ಭ್ರಮೆಗೆ ಕಾಲದೇಶಗಳ ಭೇದವಿಲ್ಲ. ನಿಂತ ಆಟದ ಪಾಠವನ್ನೇ ಇವರು ಮರೆತವರು: ಆದುದನ್ನು ಎಣಿಸಿದರು, ಆಗಬೇಕಾದುದನ್ನು ಎಣಿಸಲಿಲ್ಲ.

ಸರಿಯಾಗಿ ತಿಳಿದವರ ಕೈಯಲ್ಲಿ ಇದೇ ನಿಯಮ ಲೋಕೋಪಕಾರಿಯಾಯಿತು. ಲಂಡನ್ನಿನ ಮರಣಪಟ್ಟಿಗಳನ್ನು ಜಾನ್ ಗ್ರಾಂಟನು ೧೬೬೨ರಲ್ಲಿ ಪರಿಶೀಲಿಸಿದನು. ಬ್ರೆಸ್ಲೌ ನಗರದ ಜನನಮರಣಗಳ ಲೆಕ್ಕದಿಂದ ಹ್ಯಾಲಿ ೧೬೯೩ರಲ್ಲಿ ಆಯುಸ್ಸಿನ ಕೋಷ್ಟಕವನ್ನು ರಚಿಸಿದನು. ಇಂಥ ಕೋಷ್ಟಕಗಳ ಆಧಾರದ ಮೇಲೆ ಜೀವವಿಮೆ ನಿಂತಿದೆ. ಮೈಸೂರು ಸಂಸ್ಥಾನವೂ ತನ್ನ ನೌಕರರಿಗಾಗಿ ೧೮೯೧ರಲ್ಲಿ ಸರ್ಕಾರದ ಜೀವವಿಮೆಯನ್ನು ಏರ್ಪಡಿಸಿತು. ಒಬ್ಬನು ಯಾವಾಗ ಸಾಯುವನೆಂದು ವಿಮೆಯ ಲೆಕ್ಕಿಗನು ಬಲ್ಲವನಲ್ಲ. ಹತ್ತು ಸಾವಿರ ಮಂದಿಯಲ್ಲಿ ಈ ವರ್ಷ ಸುಮಾರು ಎಷ್ಟು ಮಂದಿ ಎಂಬುದನ್ನು ಮಾತ್ರ ಬಲ್ಲನು. ಅಷ್ಟರಿಂದಲೇ ಒಬ್ಬ ಗುಮಾಸ್ತನ ಮನೆಯವರ ಮುಂದಿನ ಅನ್ನಕ್ಕೆ ಆಧಾರ ಒದಗುತ್ತದೆ. ಆದರೆ ಇಲ್ಲೊಂದು ನಿಬಂಧನೆಯುಂಟು. ಘಟನೆಗಳು ಒಂದನ್ನೊಂದು ಅವಲಂಬಿಸದೆ ಬಿಡಿಬಿಡಿಯಾಗಿರಬೇಕು. ಸಾಂಕ್ರಾಮಿಕ ರೋಗ ಬಂದು ಎಲ್ಲರೂ ಒಟ್ಟಿಗೆ ಬಿದ್ದರೆ, ಬೆಂಕಿ ಒಂದು ಮನೆಯಿಂದ ಇನ್ನೊಂದಕ್ಕೆ ಹಾರಿದರೆ, ಬೃಹತ್ಸಂಖ್ಯೆಯೂ ಕೈಕೊಡುತ್ತದೆ. ಸ್ವತಂತ್ರವಲ್ಲದ ಘಟನೆಗಳನ್ನು ಸ್ವತಂತ್ರವೆಂದು ಗುಣಿಸುವುದು ಈ ಶಾಸ್ತ್ರದಲ್ಲಿ ಅತ್ಯಂತ ಅಪಾಯಕರವಾದ ತಪ್ಪು. ಅದಕ್ಕೆ ತೆರುವ ಬೆಲೆ ಅಂಕಗಳಲ್ಲ, ಸಂಸಾರಗಳು.

೧೯೩೩ರಲ್ಲಿ ರಷ್ಯದ ಕೊಲ್ಮೊಗೊರೊವ್ ಈ ಗಣಿತಕ್ಕೆ ಸ್ವತಸ್ಸಿದ್ಧ ಸೂತ್ರಗಳ ಗಟ್ಟಿಯಾದ ತಳಹದಿಯನ್ನು ಹಾಕಿದನು. ಇಂದಿನ ವಿದ್ಯಾರ್ಥಿಗಳು ಓದುವುದು ಆ ಕಟ್ಟಡವನ್ನು. ಕಟ್ಟಡ ಎಷ್ಟೇ ಎತ್ತರವಾಗಲಿ, ಒಳಗೆ ಹೋಗುವ ಬಾಗಿಲು ಹಳೆಯದೇ. ಯಾವ ಲೆಕ್ಕವನ್ನು ಎತ್ತಿಕೊಂಡರೂ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು. ನಾವು ಎಣಿಸುತ್ತಿರುವ ಬಗೆಗಳು ಸಮಸಂಭವಗಳೆ? ಇದು ಗೆಲಿಲಿಯೋ ಕೇಳಿದ ಪ್ರಶ್ನೆ. ನಾವು ನೋಡುತ್ತಿರುವುದು ಆಗಿಹೋದುದನ್ನೋ ಆಗಬೇಕಾದುದನ್ನೋ? ಇದು ಪಾಸ್ಕಲ್ ಮತ್ತು ಫೆರ್ಮಾ ಕಲಿಸಿದ ಪ್ರಶ್ನೆ. ಒಂದು ಘಟನೆ ಇನ್ನೊಂದನ್ನು ಮುಟ್ಟುತ್ತದೆಯೋ ಇಲ್ಲವೋ? ಇದು ಲೋಕವೇ ನಮಗೆ ಕಲಿಸುವ ಪ್ರಶ್ನೆ.

ಈ ಶಾಸ್ತ್ರ ಭವಿಷ್ಯವನ್ನು ಹೇಳುವುದೆಂದು ಯಾರೂ ಭಾವಿಸಬಾರದು. ಯಜ್ಞದತ್ತನು ಮುಂದೆ ಗೆಲ್ಲುತ್ತಿದ್ದನೋ ಸೋಲುತ್ತಿದ್ದನೋ ಪಾಸ್ಕಲನಿಗೂ ತಿಳಿಯದು, ಫೆರ್ಮಾನಿಗೂ ತಿಳಿಯದು. ತಿಳಿಯದೆ ಇರುವಾಗಲೂ ಅವನಿಗೆ ಸಲ್ಲಬೇಕಾದುದು ಇಪ್ಪತ್ತು ನಾಣ್ಯ, ಒಂದೂ ಹೆಚ್ಚಲ್ಲ ಒಂದೂ ಕಡಮೆಯಲ್ಲ ಎಂದು ಅವರು ತೋರಿಸಿಕೊಟ್ಟರು. ಹಿಂದುಳಿದವನಿಗೂ ಮುಂದೆ ಒಂದು ಪಾಲಿರುತ್ತದೆ. ಅದನ್ನು ದಯೆಯಿಂದಲ್ಲ, ಲೆಕ್ಕದಿಂದಲೇ ಕೊಡಬೇಕು. ಗಣಿತವು ನ್ಯಾಯಕ್ಕೆ ಸಲ್ಲಿಸಿದ ಸೇವೆಗಳಲ್ಲಿ ಇದು ಸಣ್ಣದಲ್ಲವೆಂದು ನಮ್ಮ ನಂಬಿಕೆ.